ಬೇಸ್ ಗಿಟಾರಿಗೆ ನುಣುಪು ತಂತಿ

ರಬಕವಿ-ಬನಹಟ್ಟಿ ಕಡೆಯ ಜಾತ್ರೆಗಳ ರಸಮಂಜರಿಯಲ್ಲಿ ಬೇಸ್ ನುಡಿಸುವ ಗೆಳೆಯರೇ, ಬೆರಳು ಉರಿಯುತ್ತದೆಂದು ಗಿಟಾರನ್ನೇ ಬದಲಿಸಬೇಡಿ. ಮೊದಲು ತಂತಿ ನೋಡಿ.

ಸಾಮಾನ್ಯವಾಗಿ ಸಿಗುವುದು ರೌಂಡ್‌ವೌಂಡ್. ಒಳಗಿನ ಉಕ್ಕಿನ ಎಳೆಗೆ ದುಂಡು ತಂತಿ ಸುತ್ತಿರುತ್ತಾರೆ; ಆ ಸುತ್ತುಗಳ ಏರಿಳಿತವೇ ಬೆರಳಿಗೆ ಒರಟು, ಜಾರಿಸಿದಾಗ ಕಿರ್ರೆನ್ನುವ ಸದ್ದು. ಫ್ಲಾಟ್‌ವೌಂಡ್‌ನಲ್ಲಿ ಸುತ್ತುವುದು ಚಪ್ಪಟೆ ಪಟ್ಟಿ. ಮುಟ್ಟಿದರೆ ಇಳಕಲ್ ಸೀರೆಯ ರೇಷ್ಮೆ ಸೆರಗಿನ ನುಣುಪು! ದನಿ ಮೆತ್ತಗೆ, ತುಂಬಿಕೊಂಡಂತೆ ಬರುತ್ತದೆ. ಹಳೆಯ ಚಿತ್ರಗೀತೆ, ಭಕ್ತಿಗೀತೆಗಳಿಗೆ ಇದೇ ಚೆಂದ; ಸ್ಲ್ಯಾಪ್ ನುಡಿಸುವವರಿಗೆ ಸಪ್ಪೆ ಎನಿಸೀತು. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ನೆಚ್ಚಿದ್ದು ಫ್ಲಾಟ್‌ವೌಂಡನ್ನೇ. ತಂತಿ ತುಂಡಾಗುವವರೆಗೂ ಅವರು ಬದಲಿಸುತ್ತಿರಲಿಲ್ಲವಂತೆ.

ಎರಡರ ನಡುವಿನದು ಬೇಕೆಂದರೆ ಹಾಫ್‌ರೌಂಡ್ ಇದೆ, ಮೇಲ್ಮೈಯನ್ನು ಉಜ್ಜಿ ಸಮ ಮಾಡಿದ್ದು. ರೌಂಡ್‌ವೌಂಡ್ ದನಿಯನ್ನು ಬಿಡಲಾರದವರು ಸ್ಟೇನ್‌ಲೆಸ್ ಸ್ಟೀಲ್ ಬದಲು ನಿಕಲ್ ಲೇಪದ್ದು ಕೊಳ್ಳಿ; ಬೆರಳಿಗೂ ಫ್ರೆಟ್ಟಿಗೂ ಸೌಮ್ಯ.

ನಟ್‌ನಿಂದ ಬ್ರಿಜ್‌ವರೆಗೆ ಅಳೆದೇ ಕೊಳ್ಳಿರಿ. 34 ಇಂಚಿದ್ದರೆ ಲಾಂಗ್ ಸ್ಕೇಲ್ ತಂತಿ. ಫ್ಲಾಟ್‌ವೌಂಡ್‌ನಲ್ಲಿ ಸಾಮಾನ್ಯವಾಗಿ ಬಿಗಿತ ಹೆಚ್ಚು; ನೆಕ್ ಬಾಗಿದರೆ ಟ್ರಸ್ ರಾಡನ್ನು ಬಲ್ಲವರ ಕೈಯಿಂದಲೇ ಹೊಂದಿಸಿಕೊಳ್ಳಿ. ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಬಾಳುತ್ತದೆ, ಆ ದುಡ್ಡು ದಂಡವಲ್ಲ.