ಅಲಾಯ್ ಮುಂದೆ ಸುತ್ತಿಗೆ ಎತ್ತಬೇಡ

ತಮ್ಮಾ, ಬ್ಯಾಲೆನ್ಸಿಂಗ್ ಮಷಿನ್ ನಿನ್ನ ಕೈಗೆ ಕೊಡುವ ಮೊದಲು ಒಂದು ಮಾತು. ನಾನು ಕೆಲಸ ಕಲಿಯುವಾಗ ಅಂಗಡಿಗೆ ಬರುತ್ತಿದ್ದುದೆಲ್ಲ ಕಬ್ಬಿಣದ ಡಿಸ್ಕ್. ಕ್ಲಿಪ್ ವೇಟನ್ನು ಅಂಚಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಎರಡೇಟು ಹಾಕಿದರೆ ಕೆಲಸ ಮುಗೀತು. ಅದೇ ಕೈರೂಢಿಯಲ್ಲಿ ಒಬ್ಬ ಮೇಷ್ಟ್ರ ಕಾರಿನ ಹೊಸ ಅಲಾಯಿಗೂ ಹೊಡೆದೆ. ಅವತ್ತು ಏನೂ ಕಾಣಲಿಲ್ಲ. ಒಂದು ಮಳೆಗಾಲ ಕಳೆದು ಕಾರು ವಾಪಸ್ ಬಂದಾಗ, ಕ್ಲಿಪ್ ಕೂತಿದ್ದ ಜಾಗದಿಂದ ಲ್ಯಾಕರ್ ಅಡಿಯಲ್ಲಿ ಬಿಳಿ ಹುಳ ಹರಿದ ಹಾಗೆ ಗೆರೆಗಳು ಎದ್ದಿದ್ದವು. ಪೆಟ್ಟಿಗೆ ಲ್ಯಾಕರ್ ಬಿರಿದು ನೀರು ಒಳಗೆ ಇಳಿದಿತ್ತು. ಕಬ್ಬಿಣದ ಕ್ಲಿಪ್ಪಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ತೇವ ನಿಂತರೆ ಸವೆಯುವುದು ಅಲ್ಯೂಮಿನಿಯಂ. ಮೇಷ್ಟ್ರು ಬೈಯಲಿಲ್ಲ, ಆ ಗೆರೆಯ ಮೇಲೆ ಬೆರಳಾಡಿಸಿ ಸುಮ್ಮನೆ ನಿಂತರು. ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ.

ಆದ್ದರಿಂದ ಅಲಾಯಿಗೆ ಅಂಟಿಸುವ ವೇಟೇ ಹಾಕು, ಅದೂ ಒಳಮೈಗೆ. ಐದು ಗ್ರಾಂ, ಹತ್ತು ಗ್ರಾಂ ತುಂಡುಗಳ ಪಟ್ಟಿ ಇಲ್ಲೇ ಇದೆ. ಅದು ಬಿದ್ದುಹೋಗುತ್ತೆ ಅಂತ ದೂರುವವರು ಇದ್ದಾರೆ. ಅದು ಬೀಳುವುದು ನಮ್ಮ ಸೋಮಾರಿತನದಿಂದ. ಬ್ರೇಕ್ ಪುಡಿಯ ಕಪ್ಪು ಜಿಡ್ಡಿನ ಮೇಲೆ ಅಂಟಿಸಿದರೆ ಯಾವ ಅಂಟು ತಾನೇ ನಿಲ್ಲುತ್ತೆ? ಮೊದಲು ತೊಳಿ, ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸು, ಪೂರ್ತಿ ಒಣಗಲಿ, ಆಮೇಲೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿ. ಹಳೆಯ ವೇಟನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡ. ಬಿಸಿಗಾಳಿ ಹಿಡಿದರೆ ಅಂಟು ಮೆತ್ತಗಾಗುತ್ತೆ, ಪ್ಲಾಸ್ಟಿಕ್ ಪಟ್ಟಿಯಲ್ಲೇ ಎದ್ದು ಬರುತ್ತೆ. ಹೊಸ ವೇಟು ಬ್ರೇಕ್ ಕ್ಯಾಲಿಪರಿಗೆ ತಾಗುವಂತಿಲ್ಲ. ಚಕ್ರ ಕಟ್ಟಿದ ಮೇಲೆ ಒಂದು ಸುತ್ತು ಕೈಯಲ್ಲೇ ತಿರುಗಿಸಿ ನೋಡು.

ನಮ್ಮ ಹಾಸನದ ಕಡೆ ಇನ್ನೊಂದು ಉಂಟು. ಸಕಲೇಶಪುರದ ತೋಟದ ದಾರಿಗಳಲ್ಲಿ ಓಡಾಡಿದ ಗಾಡಿಯ ಡಿಸ್ಕಿನೊಳಗೆ ಕೆಂಪು ಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿರುತ್ತೆ. ಅದನ್ನು ತೆಗೆಯದೆ ಬ್ಯಾಲೆನ್ಸ್ ಮಾಡಿದರೆ ನೀನು ತೂಗಿದ್ದು ಮಣ್ಣನ್ನು.

ಈಗ ಬಹಳ ಜನ ತಪ್ಪುವ ಜಾಗಕ್ಕೆ ಬಾ. ಹೊರಗೆ ಕೊಂಡು ಹಾಕಿಸಿದ ಅಲಾಯಿನ ನಡುತೂತು ಹಲವು ಕಾರಿಗೆ ಹೊಂದಲಿ ಅಂತ ದೊಡ್ಡದಾಗಿಯೇ ಇರುತ್ತೆ, ಸಾಮಾನ್ಯವಾಗಿ 73.1 ಮಿಲಿಮೀಟರ್. ಕಾರಿನ ಹಬ್ 54.1 ಇದ್ದರೆ ನಡುವೆ 19 ಮಿಲಿಮೀಟರ್ ಖಾಲಿ. ಅಲ್ಲಿ ಹಬ್ ರಿಂಗ್ ಇಲ್ಲದಿದ್ದರೆ, ಮಷಿನ್ ಸೊನ್ನೆ ತೋರಿಸಿದರೂ ರಸ್ತೆಯಲ್ಲಿ ಸ್ಟೇರಿಂಗ್ ನಡುಗಬಹುದು. ಮಷಿನ್ನಿಗೆ ಏರಿಸುವಾಗ ಕೋನನ್ನು ಹಿಂಬದಿಯಿಂದ ಕೊಡು, ಮುಂದಿನ ಕಪ್ಪಿಗೆ ರಬ್ಬರ್ ರಿಂಗ್ ಇದೆಯಾ ನೋಡಿಕೊಂಡೇ ಬಿಗಿ ಮಾಡು. ಬರೀ ಕಬ್ಬಿಣ ತಾಗಿದರೆ ಡೈಮಂಡ್ ಕಟ್ ಮುಖದ ಮೇಲೆ ದುಂಡನೆಯ ಗೀರು ಬೀಳುತ್ತೆ. ಅದನ್ನು ಒರೆಸಿ ತೆಗೆಯಲಾಗದು.

ಸೊನ್ನೆ ಬಂತು ಅಂತ ಚಕ್ರ ಇಳಿಸಬೇಡ. ನಟ್ ಸಡಿಲಿಸಿ, ಚಕ್ರವನ್ನು ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸು. ಆಗಲೂ ಸೊನ್ನೆಯೇ ಬಂದರೆ ಚಕ್ರ ನಡುವಿಗೆ ಕೂತಿದೆ. ಹದಿನೈದೋ ಇಪ್ಪತ್ತೋ ತೋರಿಸಿದರೆ ಮೊದಲು ಕೂರಿಸಿದ್ದೇ ಓರೆ, ವೇಟೆಲ್ಲ ತೆಗೆದು ಹೊಸದಾಗಿ ಮಾಡು. ಎರಡು ನಿಮಿಷದ ಕೆಲಸ ಇದು, ನೂರಕ್ಕೆ ತೊಂಬತ್ತು ಕಡೆ ಮಾಡುವುದಿಲ್ಲ ಅಂತಲೇ ನನ್ನ ಅನಿಸಿಕೆ. ಒಂದೇ ಚಕ್ರ ನೂರು ಗ್ರಾಂ ಕೇಳಿದರೆ ಪಟ್ಟಿ ಮೇಲೆ ಪಟ್ಟಿ ಅಂಟಿಸುತ್ತಾ ಹೋಗಬೇಡ. ಗಾಳಿ ಇಳಿಸಿ ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸು. ಹೊಸ ಟೈರಾದರೆ ಹಳದಿ ಚುಕ್ಕೆಯನ್ನು ವಾಲ್ವಿನ ಹತ್ತಿರ ತಾ, ಟೈರಿನ ಹಗುರವಾದ ಕಡೆ ಅದು.

ಇಷ್ಟೆಲ್ಲ ಯಾಕೆ ಅಂತೀಯಾ? 15 ಇಂಚಿನ ಡಿಸ್ಕಿನ ಅಂಚಲ್ಲಿ 30 ಗ್ರಾಂ ಹೆಚ್ಚುಕಮ್ಮಿ ಇದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 5 ಕಿಲೋ ಭಾರದಷ್ಟು ಎಳೆಯುತ್ತೆ, ಸೆಕೆಂಡಿಗೆ ಹದಿನೈದು ಸಲ. ಟೈರು, ಬೇರಿಂಗು, ಓಡಿಸುವವನ ಕೈ ಎಲ್ಲಕ್ಕೂ ಅದೇ ಏಟು.

ಕಟ್ಟುವಾಗ ನಟ್ಟುಗಳನ್ನು ಕೈಯಲ್ಲೇ ಹಿಡಿಸಿ, ಎದುರುಬದುರಾಗಿ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡು. ಗನ್ ಹಿಡಿದು ಒತ್ತಬೇಡ. ಕಾರು ಹೊರಡುವಾಗ ಗಿರಾಕಿಗೆ ಹೇಳು, ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಂದು ನಟ್ ನೋಡಿಸಿಕೊಂಡು ಹೋಗಲಿ. ಅದಕ್ಕೆ ದುಡ್ಡು ಕೇಳಬೇಡ.