ಇಪ್ಪತ್ತು ಸಾವಿರದೊಳಗೆ ವಂಡರ್‌ಲಾ: ದಾವಣಗೆರೆಯಿಂದ ಮೂರು ದಿನದ ಕಾರು ಪ್ರವಾಸ

ಮೊದಲು ಮನೆಯಲ್ಲಿರುವ ಟೇಪು ಹುಡುಕಿ. ಮಕ್ಕಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಎತ್ತರ ಅಳೆದು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ಟೇ ಬೇಡ. 85ರಿಂದ 140ರವರೆಗೆ ಮಕ್ಕಳ ದರ. 140 ದಾಟಿತೋ, ಐದನೇ ಕ್ಲಾಸಿನ ಹುಡುಗನೂ ದೊಡ್ಡವರ ಲೆಕ್ಕಕ್ಕೆ ಸೇರುತ್ತಾನೆ. ಅಡಿಯಲ್ಲಿ ಹೇಳುವುದಾದರೆ 140 ಸೆಂ.ಮೀ. ಎಂದರೆ ನಾಲ್ಕು ಅಡಿ ಏಳು ಅಂಗುಲ.

ಇಲ್ಲೊಂದು ಇಕ್ಕಟ್ಟಿದೆ. ಎದೆ ಝಲ್ಲೆನಿಸುವ ದೊಡ್ಡ ಆಟಗಳಲ್ಲಿ ಬಹುಪಾಲಿಗೆ ಹತ್ತಿಸಿಕೊಳ್ಳುವುದೂ 140 ದಾಟಿದವರನ್ನೇ. ಮಗ 137 ಇದ್ದಾನೆ ಎನ್ನಿ. ಈಗಲೇ ಹೋದರೆ ಟಿಕೆಟ್ಟಿನಲ್ಲಿ ಒಂದಿಷ್ಟು ಉಳಿಯುತ್ತದೆ, ಆದರೆ ಅವನು ವರ್ಷವಿಡೀ ಕನವರಿಸಿದ ರೋಲರ್ ಕೋಸ್ಟರಿನ ಸಾಲಿನಲ್ಲಿ ಅಳತೆಗೋಲಿನ ಮುಂದೆ ನಿಂತು ವಾಪಸ್ ಬರುತ್ತಾನೆ. ಮುಂದಿನ ರಜೆಗೆ ಹೋದರೆ ಖರ್ಚು ಹೆಚ್ಚು, ಆಟವೂ ಹೆಚ್ಚು. ನನ್ನ ಮಾತು ಕೇಳುವುದಾದರೆ, ಕೋಸ್ಟರ್ ಹುಚ್ಚಿನ ಮಕ್ಕಳಿದ್ದರೆ ಕಾಯಿರಿ. ನೀರಾಟವೇ ಸಾಕೆನ್ನುವ ಮಕ್ಕಳಿದ್ದರೆ ಈಗಲೇ ಹೊರಡಿ.

ಇಂಥ ಪ್ರವಾಸದ ಖರ್ಚಿನಲ್ಲಿ ಮುಕ್ಕಾಲು ಪಾಲು ಮನೆ ಬಿಡುವ ಮೊದಲೇ ನಿಗದಿಯಾಗಿಬಿಡುತ್ತದೆ. ಯಾವ ದಿನ ಹೋಗುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ ಎಂಬೆರಡು ಪ್ರಶ್ನೆಗೆ ಮನೆಯಲ್ಲೇ ಕೂತು ಸರಿಯಾದ ಉತ್ತರ ಕಂಡುಕೊಂಡರೆ, ಪಾರ್ಕಿನ ಒಳಗೆ ಮಕ್ಕಳು ಕೇಳಿದ ಐಸ್‌ಕ್ರೀಮಿಗೆ ಮುಖ ಗಂಟಿಕ್ಕಬೇಕಾಗಿಲ್ಲ.

ದಿನ ಗೊತ್ತು ಮಾಡುವುದು

ಟಿಕೆಟ್ ದರ ವರ್ಷವಿಡೀ ಒಂದೇ ಇರುವುದಿಲ್ಲ. ಶನಿವಾರ, ಭಾನುವಾರ, ಹಬ್ಬ, ಬೇಸಿಗೆ ರಜೆ ಎಂದರೆ ದರ ಮೇಲೇರುತ್ತದೆ. ವೆಬ್‌ಸೈಟಿನ ಕ್ಯಾಲೆಂಡರಿನಲ್ಲಿ ನಿಮಗಾಗುವ ನಾಲ್ಕೈದು ದಿನಾಂಕಗಳನ್ನು ಒತ್ತಿ ನೋಡಿ, ಮಂಗಳವಾರಕ್ಕೂ ಭಾನುವಾರಕ್ಕೂ ಇರುವ ವ್ಯತ್ಯಾಸವನ್ನು ನಾಲ್ಕು ಜನಕ್ಕೆ ಗುಣಿಸಿ. ಅಪ್ಪ ಒಂದು ದಿನ ರಜೆ ಹಾಕುವುದು ಲಾಭವೋ ನಷ್ಟವೋ ಅಲ್ಲೇ ಗೊತ್ತಾಗುತ್ತದೆ. ದರಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಭಾನುವಾರ ಒಂದು ಆಟದ ಸಾಲಿನಲ್ಲಿ ಕಳೆಯುವ ಹೊತ್ತಿನಲ್ಲಿ ವಾರದ ನಡುವಿನ ದಿನ ಮೂರು ಆಟ ಆಡಿ ಮುಗಿಸಬಹುದು. ಅದೇ ಟಿಕೆಟ್ಟು, ಮೂರು ಪಟ್ಟು ಆಟ.

ವಾರದ ದಿನವೆಂದರೆ ಎಲ್ಲ ಕಾಲಕ್ಕೂ ಖಾಲಿ ಎಂದುಕೊಳ್ಳಬೇಡಿ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಹಂಗಾಮು; ಬುಧವಾರವೂ ಬಸ್ಸುಗಟ್ಟಲೆ ಮಕ್ಕಳು ಬಂದಿಳಿಯುತ್ತಾರೆ. ಡಿಸೆಂಬರಿನ ಚಳಿಯಲ್ಲಿ ನೀರಿಗಿಳಿದರೆ ಹಲ್ಲು ಕಟಕಟ ಎನ್ನುವುದು ಬೇರೆ. ಶಾಲೆ ಈಗಷ್ಟೇ ಶುರುವಾದ ಜೂನ್, ದಸರಾ ಹಬ್ಬ ಕಳೆದ ಮೇಲೂ ಉಳಿದಿರುವ ರಜೆಯ ಕೊನೆಯ ದಿನಗಳು, ಇವು ಒಳ್ಳೆಯ ಸಮಯ. ಊರ ಜಾತ್ರೆಗೆ ಕೊಡುವ ಸ್ಥಳೀಯ ರಜೆ ಇನ್ನೂ ಒಳ್ಳೆಯದು, ಆ ದಿನ ಬೇರೆ ಜಿಲ್ಲೆಯವರಿಗೆ ರಜೆ ಇರುವುದಿಲ್ಲ. ದುಗ್ಗಮ್ಮನ ಜಾತ್ರೆ ಬಿಟ್ಟು ಹೊರಡಲು ಮನೆಯ ಅಜ್ಜಿ ಒಪ್ಪಬೇಕು, ಅಷ್ಟೆ.

ದಿನ ನಿಗದಿಯಾದ ಕೂಡಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿ. ಮುಂಚಿತವಾಗಿ ಕೊಂಡರೆ ರಿಯಾಯಿತಿ ಸಿಗುತ್ತದೆ. ಹಿರಿಯ ನಾಗರಿಕರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಬೇರೆ ರಿಯಾಯಿತಿ ಇದೆ. ಆಧಾರ್, ಕಾಲೇಜಿನ ಗುರುತಿನ ಚೀಟಿ ಮೂಲಪ್ರತಿಯನ್ನೇ ಇಟ್ಟುಕೊಳ್ಳಿ. ಸಾಲು ತಪ್ಪಿಸುವ ‘ಫಾಸ್ಟ್ ಟ್ರ್ಯಾಕ್’ ಟಿಕೆಟ್ ವಾರದ ದಿನ ಹೋಗುವವರಿಗೆ ದಂಡ. ಅಜ್ಜಿಯನ್ನು ಕರೆದೊಯ್ಯುವ ಮಾತಿದ್ದರೆ ಮೊದಲು ಅವರನ್ನೇ ಕೇಳಿ. ಆಟ ಆಡಲಿ ಬಿಡಲಿ, ಒಳಗೆ ಕಾಲಿಟ್ಟ ಮೇಲೆ ಟಿಕೆಟ್ ಟಿಕೆಟ್ಟೇ.

ಕಾರೋ, ಬಸ್ಸೋ?

ದಾವಣಗೆರೆಯಿಂದ ಬಿಡದಿಗೆ ಸುಮಾರು 280 ಕಿ.ಮೀ. ಹೋಗಿ ಬರುವುದು, ಅಲ್ಲಿಯ ಸುತ್ತಾಟ ಸೇರಿ 600 ಎಂದಿಟ್ಟುಕೊಳ್ಳಿ. ಡಿಕ್ಕಿ ತುಂಬ ಸಾಮಾನು, ಜೊತೆಗೆ ಎ.ಸಿ. ಹಾಕಿಕೊಂಡು ಹೋಗುವ ಪೆಟ್ರೋಲ್ ಕಾರಿಗೆ ಲೀಟರಿಗೆ 15 ಕಿ.ಮೀ. ಹಿಡಿಯುವುದು ಕ್ಷೇಮ, ಶೋರೂಮಿನವರು ಹೇಳಿದ ಮೈಲೇಜ್ ನಂಬಿ ಬಜೆಟ್ ಹಾಕಬೇಡಿ. 40 ಲೀಟರ್, ಲೀಟರಿಗೆ 103 ರೂಪಾಯಿಯಂತೆ 4,120 ಆಯಿತು. ಟೋಲಿಗೆ ಒಂದು ಸಾವಿರ ಎತ್ತಿಡಿ.

ಬಸ್ಸಿನ ಲೆಕ್ಕವನ್ನೂ ಒಮ್ಮೆ ಹಾಕಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅಪ್ಪನದೊಂದು ಪೂರ್ತಿ, ಹನ್ನೊಂದು ವರ್ಷದ ಮಗನದೊಂದು ಅರ್ಧ, ಅಮ್ಮ–ಮಗಳದು ಸೊನ್ನೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇದು ಅನ್ವಯಿಸದು. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಅಲ್ಲಿಂದ ಬಿಡದಿ ಕಡೆಗೆ ಬಸ್ಸಿಗೆ ಬರವಿಲ್ಲ. ಹೆಣ್ಣುಮಕ್ಕಳೇ ಹೆಚ್ಚಿರುವ ಮನೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಐದಾರು ಮಂದಿ ಒಂದೇ ಕಾರಿನಲ್ಲಿ ತುಂಬುವುದಾದರೆ, ಬುತ್ತಿ ಕಟ್ಟಿಕೊಂಡು ಬೇಕಾದಲ್ಲಿ ನಿಲ್ಲಿಸುತ್ತ ಹೋಗುವ ಆಸೆ ಇದ್ದರೆ, ಕಾರು ಸರಿ.

ಸ್ವಂತ ಕಾರಿಲ್ಲದವರು ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿಯುವುದುಂಟು. ಸಾವಿರ ರೂಪಾಯಿ ಕಡಿಮೆಗೆ ಸಿಗಬಹುದು, ಏನಾದರೂ ಹೆಚ್ಚುಕಮ್ಮಿಯಾದರೆ ವಿಮೆಯವರು ಕೈ ಎತ್ತುತ್ತಾರೆ. ಹಳದಿ ಬೋರ್ಡಿನದನ್ನೇ ಗೊತ್ತು ಮಾಡಿ, ಚಾಲಕರ ಬತ್ತೆ, ರಾತ್ರಿ ತಂಗುವ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಟೋಲಿನ ವಿಚಾರ. ಫಾಸ್ಟ್ಯಾಗಿನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿ. 2025ರ ನವೆಂಬರ್ 15ರಿಂದ ಬಂದ ನಿಯಮದಂತೆ ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐನಲ್ಲಿ ಒಂದೂಕಾಲು ಪಟ್ಟು ಕಟ್ಟಬೇಕು. ವಾರ್ಷಿಕ ಪಾಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2025ರ ಆಗಸ್ಟ್ 15ರಂದು ಶುರುವಾದಾಗ ಅದಕ್ಕೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಬಾರಿ ದಾಟುವುದು, ಯಾವುದು ಮೊದಲೋ ಅದು. ಈ ಒಂದು ಪ್ರವಾಸಕ್ಕಾಗಿ ಅದನ್ನು ಕೊಳ್ಳುವುದು ದುಡ್ಡು ಕೊಟ್ಟು ದುಡ್ಡು ಉಳಿಸಿದಂತೆ. ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರಿಗೆ ಹೋಗಿಬರುವ ಮನೆಯವರಿಗೆ ಮಾತ್ರ ಗಿಟ್ಟುತ್ತದೆ.

ದಾರಿ

ಹೊರಡುವ ದಿನ ಮಧ್ಯಾಹ್ನ ಹನ್ನೆರಡರ ಒಳಗೆ ಮನೆ ಬಿಡಿ. ಬೆಳಗಿನ ಜಾವ ಮೂರಕ್ಕೆ ಎದ್ದು, ಅದೇ ದಿನ ಪಾರ್ಕ್ ನೋಡಿ, ಅದೇ ರಾತ್ರಿ ಹಿಂತಿರುಗುವ ಸಾಹಸವನ್ನು ಅನೇಕರು ಮಾಡುತ್ತಾರೆ. ಬೇಡ. ದಿನವಿಡೀ ನೀರಲ್ಲಿ ನೆಂದ ಮೈ, ಹಿಂದಿನ ರಾತ್ರಿ ನಿದ್ದೆ ಇಲ್ಲದ ಕಣ್ಣು, ಎದುರಿಗೆ 280 ಕಿ.ಮೀ. ಹೆದ್ದಾರಿ. ನಿಂತ ಲಾರಿಯ ಹಿಂಬದಿಗೆ ಕಾರು ಗುದ್ದಿದ ಸುದ್ದಿ ಓದದ ವಾರವಿಲ್ಲ. ಈ ಬಜೆಟ್ಟಿನಲ್ಲಿ ಏನನ್ನು ಬೇಕಾದರೂ ಕತ್ತರಿಸಿ, ಎರಡನೆಯ ರಾತ್ರಿಯ ಲಾಡ್ಜ್ ದುಡ್ಡನ್ನು ಮಾತ್ರ ಮುಟ್ಟಬೇಡಿ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿದ ಮೇಲೆ ಎರಡು ದಾರಿಗಳಿವೆ. ನೆಲಮಂಗಲ ದಾಟಿ ಮಾದಾವರದ ಬಳಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿಯುವುದು ಒಂದು. ಸಲೀಸು, ಆದರೆ ನೈಸ್ ರಸ್ತೆಯ ಟೋಲು ಪ್ರತ್ಯೇಕ, ವಾರ್ಷಿಕ ಪಾಸು ಅಲ್ಲಿ ನಡೆಯದು. ಇನ್ನೊಂದು, ದಾಬಸ್‌ಪೇಟೆಯಲ್ಲೇ ಹೆದ್ದಾರಿ ಬಿಟ್ಟು ಶಿವಗಂಗೆಯ ಬೆಟ್ಟ ನೋಡುತ್ತ ಮಾಗಡಿ, ಅಲ್ಲಿಂದ ಬಿಡದಿ. ಬೆಂಗಳೂರಿನ ಗದ್ದಲವೇ ಸೋಕದು. ರಸ್ತೆ ಕಿರಿದು, ತಿರುವು ಹೆಚ್ಚು; ಬೆಳಕಿರುವಾಗ ಹೋಗುವವರಿಗೆ ಇದೇ ಚೆನ್ನ. ನೈಸ್ ರಸ್ತೆಯಿಂದ ಬಂದವರು ಮೈಸೂರು ರಸ್ತೆಯ ಬದಿಯ ಸರ್ವಿಸ್ ರಸ್ತೆಯಲ್ಲೇ ಸಾಗಿ. ನಡುವಿನ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಟೋಲೂ ಬೀಳುತ್ತದೆ, ಬೇಕಾದಲ್ಲಿ ಇಳಿಯಲೂ ಆಗುವುದಿಲ್ಲ.

ದಾರಿಯ ಊಟ ಮನೆಯದೇ ಇರಲಿ. ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ, ಡಬ್ಬಿ ತುಂಬ ಒಗ್ಗರಣೆ ಮಂಡಕ್ಕಿ. ಹೆದ್ದಾರಿಯ ಹೋಟೆಲಿನಲ್ಲಿ ನಾಲ್ವರು ಒಮ್ಮೆ ಊಟಕ್ಕೆ ಕೂತು ಎದ್ದರೆ ಲಾಡ್ಜಿನ ಅರ್ಧ ಬಾಡಿಗೆ ಹೋಗಿರುತ್ತದೆ. ಒಂದು ವಿನಾಯಿತಿ: ಸಂಜೆ ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬೆಳಿಗ್ಗೆ ಹೇಗೂ ಬಿಡದಿಯ ತಟ್ಟೆ ಇಡ್ಲಿ ತಿನ್ನುತ್ತೀರಿ, ಯಾವುದು ಮೇಲೆಂದು ಮಕ್ಕಳೇ ತೀರ್ಪು ಕೊಡಲಿ.

ರಾತ್ರಿ ಎಲ್ಲಿ?

ಬೆಂಗಳೂರಿನಲ್ಲಿ ನೆಂಟರಿಲ್ಲದ ಮನೆ ಯಾವುದಿದೆ? ಚಿಕ್ಕಪ್ಪನ ಮನೆ ಕೆಂಗೇರಿ, ನಾಗರಬಾವಿ, ರಾಜರಾಜೇಶ್ವರಿ ನಗರದಲ್ಲಿದ್ದರೆ ಎರಡು ಮಾತಿಲ್ಲದೆ ಅಲ್ಲಿಗೇ ಹೋಗಿ. ಕೆ.ಆರ್. ಪುರದಲ್ಲಿದ್ದರೆ ಯೋಚಿಸಿ. ಹಣ್ಣು, ಸ್ವೀಟು, ಅವರ ಮಕ್ಕಳ ಕೈಗೆ ಕೊಡುವ ನೋಟು ಎಲ್ಲ ಕೂಡಿಸಿದರೆ ಲಾಡ್ಜಿಗೇನೂ ಕಡಿಮೆ ಆಗದು. ಬೆಳಗಿನ ಎರಡು ಗಂಟೆ ಟ್ರಾಫಿಕ್ಕಿಗೆ ಹೋಗುವುದು ಬೇರೆ. ಅಲ್ಲೇ ಉಳಿಯಲೇಬೇಕಾದರೆ ಕಾರು ಅವರ ಮನೆ ಮುಂದೆ ಬಿಟ್ಟು ಮೆಟ್ರೊ ನೇರಳೆ ಮಾರ್ಗ ಹಿಡಿಯಿರಿ. 2023ರ ಅಕ್ಟೋಬರಿನಿಂದ ಅದು ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಓಟದಲ್ಲಿ ಬರುತ್ತದೆ, ಅಲ್ಲಿಂದ ಮೈಸೂರು ರಸ್ತೆಯಲ್ಲಿ ಬಸ್ಸೋ ಆಟೊವೋ.

ನೆಂಟರಿಲ್ಲದವರಿಗೆ ಬಿಡದಿ, ರಾಮನಗರದ ಲಾಡ್ಜುಗಳು ಬೆಂಗಳೂರಿನವಕ್ಕಿಂತ ಹಗುರ. ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಕಾರು ನಿಲ್ಲಿಸಲು ಜಾಗ ಇದೆಯೇ, ಬೆಳಿಗ್ಗೆ ಬಿಸಿನೀರು ಎಷ್ಟು ಗಂಟೆಗೆ, ಒದ್ದೆ ಬಟ್ಟೆ ಒಣಹಾಕಲು ಬಾಲ್ಕನಿಯೋ ತಾರಸಿಯೋ ಇದೆಯೇ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಮೂರನೇ ದಿನ ಕಾರೆಲ್ಲ ಮುಗ್ಗಲು ವಾಸನೆ.

ಪಾರ್ಕಿನ ದಿನ

ನೀರಿಗಿಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆ, ಸೀರೆ, ಜೀನ್ಸ್ ನಡೆಯದು. ಹತ್ತಿಯ ನೂಲು ನೀರಿನ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ನೆನೆದ ಬಟ್ಟೆ ಭಾರವಾಗಿ ಮೈಗೂ ಅಪಾಯ. ಒಳಗಿನ ಅಂಗಡಿಯಲ್ಲಿ ಸಿಗುತ್ತದೆ ಎಂದು ಬರಿಗೈಲಿ ಹೋದರೆ ಅವರು ಹೇಳಿದ್ದೇ ರೇಟು. ಊರಿನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ತೆಳು ಜೆರ್ಸಿ, ಚಡ್ಡಿ, ಲೆಗ್ಗಿಂಗ್ಸ್ ಕೊಂಡರೆ ಆಮೇಲೆ ಆಟೋಟಕ್ಕೂ ಆಗುತ್ತದೆ. ಟವೆಲ್, ಮೊಬೈಲಿಗೆ ನೀರು ತಾಗದ ಪೌಚು, ಹಾಕಿ ಬಿಚ್ಚಲು ಸುಲಭದ ಚಪ್ಪಲಿ ಇರಲಿ. ಲಾಕರ್ ಮನೆಗೆಲ್ಲ ಒಂದೇ ಸಾಕು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರಕ್ಕೆ ತಕರಾರಿಲ್ಲ. ಆದ್ದರಿಂದ ಬೆಳಗಿನ ತಿಂಡಿ ಗಟ್ಟಿಯಾಗಿರಲಿ. ಮಧ್ಯಾಹ್ನದ ಊಟಕ್ಕೆ ಒಳಗೇ ದುಡ್ಡು ಇಟ್ಟುಕೊಳ್ಳಿ; ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಮುಗಿಬೀಳುತ್ತಾರೆ, ಆಗ ಆಟದ ಸಾಲು ಕರಗಿರುತ್ತದೆ. ನೀವು ಎರಡೂವರೆಗೆ ಊಟ ಮಾಡಿ.

ಗೇಟು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಶುರುವಾಗುವುದರಿಂದ ಮೊದಲ ಗಂಟೆಯಲ್ಲಿ ದೊಡ್ಡ ಒಣ ಆಟಗಳನ್ನು ಮುಗಿಸಿ. ಎಲ್ಲರೂ ಗೇಟಿನ ಹತ್ತಿರದ ಆಟಕ್ಕೇ ಮುತ್ತುತ್ತಾರೆ, ನೀವು ದೂರದ ತುದಿಯಿಂದ ಶುರುಮಾಡಿ. ಊಟದ ನಂತರ ಒಮ್ಮೆ ನೀರಿಗಿಳಿದರೆ ಮುಚ್ಚುವವರೆಗೆ ನೀರೇ. ಒದ್ದೆ–ಒಣ ಎಂದು ಎರಡೆರಡು ಸಲ ಬಟ್ಟೆ ಬದಲಿಸುತ್ತ ಕೂತರೆ ಅರ್ಧ ಮಧ್ಯಾಹ್ನ ಹೋಗುತ್ತದೆ. ಅಲೆಗಳ ಕೊಳದಲ್ಲಿ ಚಿಕ್ಕ ಮಕ್ಕಳ ಜೊತೆ ಒಬ್ಬ ದೊಡ್ಡವರು ಕೈಯಳತೆಯಲ್ಲೇ ಇರಬೇಕು. ಮೊಬೈಲ್ ಆಗ ಲಾಕರಿನಲ್ಲಿರಲಿ. ಊಟವಾದ ಕೂಡಲೇ ಗಿರಗಿರ ತಿರುಗುವ ಆಟ ಬೇಡ ಎಂದು ಬಿಡಿಸಿ ಹೇಳಬೇಕಿಲ್ಲ.

ಮೂರನೇ ದಿನ

ಎರಡನೆಯ ಪಾರ್ಕಿಗೆ ಹೋಗುವ ಆಸೆ ಮಕ್ಕಳಿಗೆ ಬರುತ್ತದೆ, ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇಲ್ಲೇ ಹತ್ತಿರವೆಂದು ಗೂಗಲ್ ತೋರಿಸುತ್ತದೆ. ಬಿಡಿ. ಅದರ ಬದಲು ರಾಮನಗರದ ಜಾನಪದ ಲೋಕ ನೋಡಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಬೀಸುವ ಕಲ್ಲಿನಿಂದ ತೊಗಲುಗೊಂಬೆಯವರೆಗೆ ಎಲ್ಲವೂ ಇದೆ, ಟಿಕೆಟ್ಟು ಪಾರ್ಕಿನ ಒಂದು ಐಸ್‌ಕ್ರೀಮಿನಷ್ಟೂ ಭಾರವೆನಿಸದು. ‘ಶೋಲೆ’ ಚಿತ್ರೀಕರಣವಾದ ಬಂಡೆಬೆಟ್ಟಗಳು ಅಲ್ಲೇ ಸುತ್ತಮುತ್ತ. ಹೊತ್ತಿದ್ದರೆ ಚನ್ನಪಟ್ಟಣಕ್ಕೆ ಹೋಗಿ ಅರಗಿನ ಬಣ್ಣದ ಮರದ ಬೊಂಬೆ ಕೊಳ್ಳಬಹುದು. ಇಷ್ಟು ದುಡ್ಡಿನಲ್ಲಿ ಎಂದು ಮಕ್ಕಳಿಗೆ ಮೊದಲೇ ಹೇಳಿ ಕೈಗೇ ಕೊಟ್ಟುಬಿಡಿ, ಚೌಕಾಸಿ ಅವರೇ ಮಾಡಲಿ. ಮಧ್ಯಾಹ್ನ ಒಂದಕ್ಕೆ ಹೊರಟರೆ ಕತ್ತಲಾಗುವುದರೊಳಗೆ ಚಿತ್ರದುರ್ಗದ ಹತ್ತಿರ ಇರುತ್ತೀರಿ.

ಲೆಕ್ಕದ ಚೀಟಿ

ಅಪ್ಪ, ಅಮ್ಮ, 142 ಸೆಂ.ಮೀ.ನ ಮಗ, 112 ಸೆಂ.ಮೀ.ನ ಮಗಳು ಎಂದಿಟ್ಟುಕೊಂಡು ಅಂದಾಜು ಹಾಕೋಣ. ದೊಡ್ಡವರ ಟಿಕೆಟ್ 1,500, ಮಕ್ಕಳದು 1,200 ಎಂದು ಹಿಡಿದರೆ 5,700. ಪೆಟ್ರೋಲು 4,120, ಟೋಲು 1,000. ಎರಡು ರಾತ್ರಿಯ ಲಾಡ್ಜ್ 3,000. ಮೂರು ದಿನದ ಊಟ ತಿಂಡಿ 3,600. ಬಟ್ಟೆ, ಲಾಕರ್, ಪಾರ್ಕಿಂಗ್ 800. ಬೊಂಬೆ, ಮಾತ್ರೆ, ಪಂಕ್ಚರು ಇತ್ಯಾದಿಗೆ 1,500. ಒಟ್ಟು 19,720. ಟಿಕೆಟ್ ಬುಕ್ ಮಾಡುವ ದಿನ ಕಂಡ ನಿಜವಾದ ದರಗಳನ್ನು ಇದರ ಪಕ್ಕದಲ್ಲೇ ಬರೆದು ತಿದ್ದಿಕೊಳ್ಳಿ. ಮೊತ್ತ ಹೆಚ್ಚಾಯಿತೆಂದರೆ ಮೊದಲು ದಿನಾಂಕ ಬದಲಿಸಿ ನೋಡಿ, ಆಮೇಲೆ ಬಸ್ಸಿನ ಯೋಚನೆ ಮಾಡಿ.

ಮನೆಗೆ ಬಂದ ಮರುದಿನ ಫಾಸ್ಟ್ಯಾಗಿನ ಸಂದೇಶಗಳನ್ನು ದಾರಿಯ ಟೋಲ್‌ಗಳೊಂದಿಗೆ ತಾಳೆ ಹಾಕಿ. ರಾಷ್ಟ್ರೀಯ ಹೆದ್ದಾರಿಯ ಒಂದೇ ಗೇಟಿನಲ್ಲಿ ಎರಡು ಸಲ ಕಡಿತವಾಗಿದ್ದರೆ 1033ಕ್ಕೆ ಕರೆ ಮಾಡಿ ದೂರು ದಾಖಲಿಸಿ.