ಮುಚ್ಚಿಡಲು ನಮ್ಮ ಹತ್ತಿರ ಏನಿದೆ?



ಈ ಸಲದ ಗೋಡೆ ಪತ್ರಿಕೆಗೆ ‘ದೊಡ್ಡ ಕಂಪನಿಗಳು ಮತ್ತು ನಮ್ಮ ಮೊಬೈಲು’ ಎಂಬ ವಿಷಯದ ಮೇಲೆ ಬರೆಯಲು ಸಮಾಜ ವಿಜ್ಞಾನದ ಮೇಷ್ಟ್ರು ನನಗೆ ಹೇಳಿದರು. ಮನೆಯಲ್ಲಿ ಈ ಮಾತು ಎತ್ತಿದಾಗ ನಮ್ಮ ಅಜ್ಜ ನಕ್ಕುಬಿಟ್ಟರು. “ಅಷ್ಟು ದೊಡ್ಡ ಕಂಪ್ನಿಯವ್ರು ನಮ್ಮನ್ನ ನೋಡಿ ಏನ್ ಮಾಡ್ತಾರೆ? ನಮ್ಮತ್ರ ಮುಚ್ಚಿಡಾಕೆ ಏನೈತೆ?” ಅಂದರು. ಆಗ ನನಗೆ ಉತ್ತರ ಹೇಳಲು ಬರಲಿಲ್ಲ. ಆಮೇಲೆ ಓದಿ, ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಪುಕ್ಕಟೆ ಕೊಟ್ಟರೆ ಅವರಿಗೇನು ಲಾಭ?

ಗೂಗಲ್ ಕಂಪನಿ 1998ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಫೇಸ್‌ಬುಕ್ 2004ರಲ್ಲಿ ಬಂತು. ಹುಡುಕುವುದಕ್ಕೆ, ದಾರಿ ನೋಡುವುದಕ್ಕೆ, ವಿಡಿಯೋ ನೋಡುವುದಕ್ಕೆ ನಾವು ಇವರಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಹಾಗಾದರೆ ಅವರಿಗೆ ದುಡ್ಡು ಎಲ್ಲಿಂದ ಬರುತ್ತೆ? ಜಾಹೀರಾತಿನಿಂದ. 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆಗೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 77 ರೂಪಾಯಿ ಜಾಹೀರಾತಿನದು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರನ್ನೂ ನಡೆಸುವ ಮೆಟಾ ಕಂಪನಿಯಲ್ಲಿ ನೂರಕ್ಕೆ 97ಕ್ಕೂ ಹೆಚ್ಚು.

ಪೇಪರಿನಲ್ಲೂ ಜಾಹೀರಾತು ಇರುತ್ತಲ್ಲ ಎಂದು ನೀವು ಕೇಳಬಹುದು. ಆದರೆ ಪೇಪರಿನ ಜಾಹೀರಾತು ಇಡೀ ಊರಿಗೆ ಒಂದೇ. ಫೋನಿನದು ಒಬ್ಬೊಬ್ಬರಿಗೆ ಒಂದೊಂದು ಥರ. ಕೊಳವೆಬಾವಿ ಮೋಟರಿನ ಬೆಲೆ ಹುಡುಕಿದವರಿಗೆ ಮೋಟರು, ಮದುವೆ ಸೀರೆ ನೋಡಿದವರಿಗೆ ಸೀರೆ. ಯಾರಿಗೆ ಏನು ಬೇಕು ಅಂತ ತಿಳಿಯಬೇಕಾದರೆ ಎಲ್ಲರ ಲೆಕ್ಕ ಬರೆದಿಡಬೇಕು. ಇದೇ ಅವರ ವ್ಯಾಪಾರದ ಬುಡ.

2. ಲೆಕ್ಕ ಬರೆಯುವುದು ಹೇಗೆ?

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ಇಂಜಿನಿಯರ್ ‘ಕುಕ್ಕಿ’ ಎಂಬುದನ್ನು ಕಂಡುಹಿಡಿದರು. ಕುಕ್ಕಿ ಅಂದ್ರೆ ವೆಬ್‌ಸೈಟು ನಮ್ಮ ಯಂತ್ರದಲ್ಲಿ ಇಟ್ಟುಹೋಗುವ ಒಂದು ಸಣ್ಣ ಗುರುತಿನ ಚೀಟಿ. ಆನ್‌ಲೈನ್ ಅಂಗಡಿಯಲ್ಲಿ ನಾವು ಏನೇನು ಆರಿಸಿಕೊಂಡೆವು ಎಂದು ನೆನಪಿಡಲು ಅದು ಬೇಕಾಗಿತ್ತು. ಆಮೇಲೆ ಜಾಹೀರಾತು ಕಂಪನಿಗಳು ತಮ್ಮದೇ ಚೀಟಿಯನ್ನು ಬೇರೆ ಬೇರೆ ವೆಬ್‌ಸೈಟುಗಳಲ್ಲಿ ಇಟ್ಟು ಓದತೊಡಗಿದವು. ಹೀಗೆ ನಾವು ಎಲ್ಲೆಲ್ಲಿ ಹೋದೆವು ಎಂಬುದು ಅವರಿಗೆ ಸಿಕ್ಕಿತು. ಮೊಬೈಲಿನಲ್ಲಿ ಇದರ ಜೊತೆಗೆ ನಾವು ಇರುವ ಜಾಗ, ನೋಡಿದ ವಿಡಿಯೋ, ಎಷ್ಟು ಹೊತ್ತು ನೋಡಿದೆವು ಎಂಬುದೂ ಸೇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ನಾವು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಸಂದೇಶಗಳಿಗೆ 2016ರಿಂದ ಬೀಗ ಇದೆ. ಕಳಿಸಿದವರು, ಪಡೆದವರು ಬಿಟ್ಟು ದಾರಿಯಲ್ಲಿ ಯಾರೂ ಅದನ್ನು ಓದಲಾಗದು. ಆದರೆ ನಾವು ಒಪ್ಪಿಗೆ ಕೊಟ್ಟರೆ ಫೋನಿನಲ್ಲಿರುವ ನಂಬರುಗಳ ಪಟ್ಟಿ ಕಂಪನಿಗೆ ಹೋಗುತ್ತದೆ.

ನಮ್ಮೂರಿನ ಅಂಗಡಿಯವರ ಹತ್ತಿರವೂ ಉದ್ದರಿ ಪುಸ್ತಕ ಇದೆ. ಯಾರ ಮನೆಗೆ ಎಷ್ಟು ಬೆಲ್ಲ ಹೋಯ್ತು ಅಂತ ಅವರಿಗೆ ಗೊತ್ತು. ಆದರೆ ನಮ್ಮ ಪುಟ ತೋರಿಸಿ ಅಂದ್ರೆ ಅಲ್ಲೇ ತೋರಿಸ್ತಾರೆ. ತಪ್ಪು ಬರೆದರೆ ಜಗಳ ಮಾಡಬಹುದು. ಅವರು ನಮ್ಮನ್ನು ಬಲ್ಲಷ್ಟೇ ನಾವೂ ಅವರನ್ನು ಬಲ್ಲೆವು. ಕಂಪನಿಯ ಪುಸ್ತಕ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

3. ಬೇರೆ ಅಂಗಡಿಗೆ ಹೋಗಬಹುದಲ್ಲ?

ಹೋಗುವುದು ಕಷ್ಟ. ಫೇಸ್‌ಬುಕ್ ಕಂಪನಿ 2012ರಲ್ಲಿ ಇನ್‌ಸ್ಟಾಗ್ರಾಂ, 2014ರಲ್ಲಿ ವಾಟ್ಸಾಪನ್ನು ಕೊಂಡುಕೊಂಡಿತು. ಗೂಗಲ್ 2005ರಲ್ಲಿ ಆಂಡ್ರಾಯ್ಡನ್ನೂ 2006ರಲ್ಲಿ ಯೂಟ್ಯೂಬನ್ನೂ ಕೊಂಡಿತು. ನಮ್ಮ ಊರಿನ ಬಹುಪಾಲು ಫೋನುಗಳು ಆಂಡ್ರಾಯ್ಡೇ. ಫೋನು ತರುವಾಗಲೇ ಗೂಗಲ್‌ನ ಆ್ಯಪುಗಳು ಅದರೊಳಗೆ ಕೂತಿರುತ್ತವೆ. ಈ ಬಲವನ್ನು ದುರುಪಯೋಗ ಮಾಡಿಕೊಂಡಿದೆ ಎಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

4. ಒಬ್ಬರು ಬಾಗಿಲು ತೆಗೆದರೆ

ಈಗ ಅಜ್ಜನ ಪ್ರಶ್ನೆಗೆ ಬರೋಣ. 2018ರ ಮಾರ್ಚಿನಲ್ಲಿ ಒಂದು ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಫೇಸ್‌ಬುಕ್‌ನಲ್ಲಿ ‘ನಿಮ್ಮ ಸ್ವಭಾವ ಎಂಥದ್ದು?’ ಎಂದು ಪ್ರಶ್ನೆ ಕೇಳುವ ಒಂದು ಆ್ಯಪ್ ಇತ್ತು. ಅದನ್ನು ಹಾಕಿಕೊಂಡವರು ಸುಮಾರು 2 ಲಕ್ಷ 70 ಸಾವಿರ ಜನ. ಆಗಿನ ನಿಯಮದಲ್ಲಿ ಆ ಆ್ಯಪಿಗೆ ಅವರ ಸ್ನೇಹಿತರ ಮಾಹಿತಿಯೂ ಸಿಗುತ್ತಿತ್ತು. ಹೀಗೆ 8 ಕೋಟಿ 70 ಲಕ್ಷ ಜನರವರೆಗೆ ಮಾಹಿತಿ ಹೋಗಿರಬಹುದು ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಅದು ಸೇರಿದ್ದು ಚುನಾವಣೆ ಪ್ರಚಾರಕ್ಕೆ ಕೆಲಸ ಮಾಡುವ ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಗೆ.

ನಮ್ಮ ದೇಶದ ಲೆಕ್ಕ ನೋಡಿ. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5,62,455 ಜನ! ಉಳಿದವರೆಲ್ಲ ಏನನ್ನೂ ಒತ್ತಿದವರಲ್ಲ. ಆ್ಯಪ್ ಹಾಕಿಕೊಂಡ ಯಾರೋ ಒಬ್ಬರ ಸ್ನೇಹಿತರು, ಅಷ್ಟೇ. 2019ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ವಿಧಿಸಿತು.

ಇದನ್ನು ಓದಿದಾಗ ನಮ್ಮ ಮನೆಯಲ್ಲೇ ನಡೆದದ್ದು ನೆನಪಾಯಿತು. ನಮ್ಮ ನೆಂಟರೊಬ್ಬರು ಒಂದು ಆ್ಯಪಿನಿಂದ ಮೂರು ಸಾವಿರ ಸಾಲ ತೆಗೆದುಕೊಂಡಿದ್ದರು. ಅದು ‘ಕಾಂಟ್ಯಾಕ್ಟ್ಸ್ ನೋಡಬಹುದೇ?’ ಎಂದು ಕೇಳಿದಾಗ ಓದದೇ ಒತ್ತಿದ್ದರು. ಕಂತು ಎರಡು ದಿನ ತಡವಾಯಿತು. ನಮ್ಮ ಅಮ್ಮನಿಗೆ, ಗೊಬ್ಬರದ ಅಂಗಡಿಯವರಿಗೆ, ಹೆಣ್ಣು ಕೊಟ್ಟ ಮಾವನವರಿಗೆ ಫೋನುಗಳು ಬಂದವು. ಬಾಯಿಗೆ ಬಂದಂತೆ ಬೈದರು. ಅಮ್ಮ ಸಾಲ ಮಾಡಿರಲಿಲ್ಲ, ಆ ಆ್ಯಪ್ ನೋಡಿರಲೂ ಇಲ್ಲ. ಆದರೂ ಅವತ್ತು ಊಟ ಮಾಡದೆ ಮಲಗಿದರು. ಸಾಲದ ಆ್ಯಪುಗಳು ಫೋನಿನ ನಂಬರು ಪಟ್ಟಿಯನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇದು ನಮಗೆ ಗೊತ್ತಾದದ್ದು ಆಮೇಲೆ.

5. ಕಾನೂನು ಏನು ಹೇಳುತ್ತದೆ?

ಇದರಲ್ಲಿ ಕರ್ನಾಟಕದವರೊಬ್ಬರ ಹೆಸರು ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲಿ ‘ಭಾರತೀಯರಿಗೆ ಖಾಸಗಿತನದ ಹಕ್ಕು ಇದೆಯೇ?’ ಎಂಬ ಪ್ರಶ್ನೆ ಎದ್ದಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ‘ಇದೆ, ಅದು ಮೂಲಭೂತ ಹಕ್ಕು’ ಎಂದು ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆ ತೀರ್ಪು ಮುಖ್ಯವಾಗಿ ಸರ್ಕಾರದ ಎದುರು ನಮಗಿರುವ ಹಕ್ಕಿನದು. ಕಂಪನಿಗಳಿಗೂ ಅನ್ವಯಿಸುವಂತೆ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿತು. ಅದರ ನಿಯಮಗಳು ಹಂತಹಂತವಾಗಿ ಜಾರಿಯಾಗುವಂತೆ 2025ರ ನವೆಂಬರಿನಲ್ಲಿ ಪ್ರಕಟವಾದವು. ಅದರಲ್ಲಿ 18 ವರ್ಷದೊಳಗಿನ ನಮ್ಮಂಥವರ ನಡವಳಿಕೆಯನ್ನು ಹಿಂಬಾಲಿಸಬಾರದು, ನಮ್ಮನ್ನೇ ಗುರಿ ಮಾಡಿ ಜಾಹೀರಾತು ತೋರಿಸಬಾರದು ಎಂದಿದೆ.

6. ನಾವು ಮಾಡಬಹುದಾದದ್ದು

(ಅ) ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಎಂಬ ಜಾಗ ಇದೆ. ಯಾವ ಆ್ಯಪಿಗೆ ನಂಬರು ಪಟ್ಟಿ, ಮೈಕು, ಜಾಗದ ಅನುಮತಿ ಇದೆ ನೋಡಿ, ಬೇಡದ್ದನ್ನು ತೆಗೆಯಿರಿ.
(ಆ) ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ಯಲ್ಲಿ ನಾವು ಹುಡುಕಿದ್ದರ ಪಟ್ಟಿ ಇರುತ್ತದೆ. ಅಳಿಸಬಹುದು.
(ಇ) ಇನ್ನೊಬ್ಬರ ಫೋಟೋ, ನಂಬರು ಹಾಕುವ ಮೊದಲು ಅವರನ್ನು ಕೇಳಿ.
(ಈ) ಹಣದ ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಉಪಸಂಹಾರ

ಹೋದ ಭಾನುವಾರ ಅಜ್ಜನ ಫೋನನ್ನು ಇಬ್ಬರೂ ಕೂತು ನೋಡಿದೆವು. ಒಂದು ಬ್ಯಾಟರಿ ಲೈಟಿನ ಆ್ಯಪಿಗೆ ನಂಬರು ಪಟ್ಟಿಯ ಅನುಮತಿ ಇತ್ತು! “ಅಜ್ಜ, ನಿಮ್ಮತ್ರ ಮುಚ್ಚಿಡಾದು ಏನೂ ಇಲ್ದಿದ್ರೂ, ನಿಮ್ಮ ಫೋನಲ್ಲಿ ಅಮ್ಮನ ನಂಬರೈತೆ, ಅತ್ತೆದೈತೆ, ನಮ್ಮ ಹೆಡ್ಮೇಷ್ಟ್ರುದೂ ಐತೆ” ಅಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಕು ಬಿಡಾಕೆ ಅದಕ್ಯಾಕೆ ಊರೋರ ನಂಬರು? ತೆಗಿ ಅದ್ನ” ಅಂದರು.

ಓದಿದವರಿಗೆ ಪ್ರಶ್ನೆಗಳು

1. ನಿಮ್ಮ ಮನೆಯ ಫೋನಿನಲ್ಲಿ ಎಷ್ಟು ಆ್ಯಪುಗಳಿಗೆ ನಂಬರು ಪಟ್ಟಿಯ ಅನುಮತಿ ಇದೆ? ಎಣಿಸಿ ತನ್ನಿ.
2. ಅಂಗಡಿಯ ಉದ್ದರಿ ಪುಸ್ತಕಕ್ಕೂ ಕಂಪನಿಯ ಲೆಕ್ಕಕ್ಕೂ ಇರುವ ಮೂರು ವ್ಯತ್ಯಾಸಗಳನ್ನು ಬರೆಯಿರಿ.

— 9ನೇ ತರಗತಿಯ ವಿದ್ಯಾರ್ಥಿನಿ